ಗಾಳೆವ್ವನ ತಂತಿ, ಯಮನೂರಪ್ಪನ ತಗ್ಗು

ಬಹಳ ಹಿಂದಿನ ಮಾತು. ಒಂದೂರು. ಅದಕ್ಕೊಂದು ಹೆಸರಿತ್ತೋ ಇಲ್ಲವೋ, ಹೇಳುವವರೆಲ್ಲ ಗುಡ್ಡದ ಕೆಳಗಿನ ಊರು ಅಂತಲೇ ಹೇಳುತ್ತಾರೆ. ಅಲ್ಲಿ ಮನುಷ್ಯರಿಗಿಂತ ಕುರಿ ಹೆಚ್ಚು, ಕುರಿಗಿಂತ ಕಲ್ಲು ಹೆಚ್ಚು. ಆ ಊರಲ್ಲಿ ಗಾಳೆವ್ವ ಅಂತ ಒಬ್ಬಾಕೆ ಇದ್ದಳಂತೆ. ಜಾಲರಿ ತಂತಿಯ ಬೇಲಿ ಎಳೆಯುವುದು ಅವಳ ಕೆಲಸ. ಬೇಲಿಗೆ ಕಲ್ಲುಕಂಬ ನೆಡುವುದು ಅವಳ ಗಂಡ ಯಮನೂರಪ್ಪನ ಕೆಲಸ. ಹೆಸರು ಉಳಿದದ್ದು ಗಾಳೆವ್ವನದು. ಈ ಕತೆ ಮಾತ್ರ ಯಮನೂರಪ್ಪನ ಹೊಟ್ಟೆಯೊಳಗಿನದು.

ಗಾಳೆವ್ವ ಎಳೆದ ತಂತಿಯ ಬಗ್ಗೆ ಏನೇನು ಹೇಳುತ್ತಾರೆ ಕೇಳಬೇಕು ನೀವು. ಜಾಲರಿಯ ಕಣ್ಣಿಗೆ ಹಾರೆ ಸಿಕ್ಕಿಸಿ, ಮೂಲೆಗಂಬಕ್ಕೆ ಕಾಲು ಕೊಟ್ಟು ಅವಳು ಒಮ್ಮೆ ಜಗ್ಗಿದರೆ ತಂತಿ ಟಂಯ್ ಅನ್ನುತ್ತಿತ್ತಂತೆ, ಆ ಸದ್ದು ಮೂರು ಊರಿಗೆ ಕೇಳುತ್ತಿತ್ತಂತೆ. ಗುದ್ದಲು ಬಂದ ಹೋರಿಯೊಂದು ಬಂದಷ್ಟೇ ಜೋರಾಗಿ ಹಿಂದಕ್ಕೆ ಹೋಗಿ ಕೂತುಬಿಟ್ಟಿತಂತೆ. ಹೋರಿಯ ಮಾತು ನಾನಂತೂ ನಂಬುವುದಿಲ್ಲ. ಸದ್ದಿನ ಮಾತು ನಂಬುತ್ತೇನೆ.

ಮೊದಮೊದಲು ಕಂಬವೂ ಯಮನೂರಪ್ಪನದೇ, ತಂತಿಯೂ ಅವನದೇ. ಒಂದು ಸಲ ಅಂಗೈ ಸೀಳಿಕೊಂಡು ಹಾರೆ ಹಿಡಿಯಲಾಗದೆ, ಇವತ್ತೊಂದಿನ ನೀ ಎಳಿ ಅಂತ ಹೆಂಡತಿಗೆ ತಾನೇ ಕೊಟ್ಟ. ಅವಳು ಎಳೆದಳು. ಅಷ್ಟೇ, ಮರುದಿನದಿಂದ ಕರೆಯಲು ಬಂದವರೆಲ್ಲ ಅವಳನ್ನೇ ಕೇಳತೊಡಗಿದರು. ಗಾಯ ಮಾಯ್ದರೂ ಹಾರೆ ಅವನ ಕೈಗೆ ವಾಪಸ್ಸು ಬರಲಿಲ್ಲ.

ಯಮನೂರಪ್ಪ ಕೆಲಸಗೇಡಿಯಲ್ಲ. ಸೊಂಟದ ಮಟ್ಟ ತಗ್ಗು ತೋಡಿ, ಕಲ್ಲು ಇಳಿಸಿ, ಸುತ್ತ ಚೂರುಗಲ್ಲು ಜಡಿದು, ಮಣ್ಣು ದಮ್ಮಸು ಮಾಡಿ ನಿಲ್ಲಿಸಿದನೆಂದರೆ ಆ ಕಂಬ ಆನೆ ಒರಗಿದರೂ ಅಲ್ಲಾಡುತ್ತಿರಲಿಲ್ಲ. ಆದರೆ ಮೂಲೆಗಂಬ ಗಟ್ಟಿ ಇದ್ದರೆ ತಾನೇ ತಂತಿ ಬಿಗಿ ನಿಲ್ಲುವುದು ಅಂತ ಯಾರು ಯೋಚಿಸುತ್ತಾರೆ? ಕಂಬದ ಜೀವ ಮಣ್ಣಿನೊಳಗೆ, ತಂತಿಯ ಜೀವ ಎಲ್ಲರ ಕಣ್ಣೆದುರಿಗೆ. ಬಂದವರು ತಂತಿ ಮೀಟಿ ನೋಡುತ್ತಿದ್ದರು, ಆಹಾ ಅನ್ನುತ್ತಿದ್ದರು. ಕಂಬಕ್ಕೆ ಬೆನ್ನು ಒರಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಊಟಕ್ಕೆ ಕೂತರೆ ತುಪ್ಪ ಮೊದಲು ಗಾಳೆವ್ವನ ಎಲೆಗೆ ಬೀಳುತ್ತಿತ್ತು. ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಗಾಳೆವ್ವನ ಗಂಡ ಅನ್ನುತ್ತಿದ್ದರು. 

ಆ ವರ್ಷ ತೋಳದ ಕಾಟ ಹೆಚ್ಚಾಯಿತು. ಕುರಿಗಳು ಮೇಯಲು ಹೋದಾಗ ಎಳೆಯ ಮರಿಗಳು ಹಟ್ಟಿಯಲ್ಲೇ ಉಳಿಯುತ್ತವಲ್ಲ, ತೋಳ ಹಗಲು ಹೊತ್ತಲ್ಲೇ ಬಂದು ಅವನ್ನು ಒಯ್ಯತೊಡಗಿತು. ಕುರುಬರ ಹಿರಿಯ ಮಾಳಪ್ಪ ಬಂದು, ಊರ ಮರಿಗಳಿಗೆಲ್ಲ ಸೇರಿ ಒಂದೇ ದೊಡ್ಡ ಬೇಲಿ ಮಾಡಿಕೊಡಿ ಅಂತ ಕೇಳಿದ. ಕೇಳಿದವನು ಒಂದು ಹೊಸ ಕರಿಕಂಬಳಿ ತಂದು ಗಾಳೆವ್ವನ ಹೆಗಲಿಗೆ ಹೊದಿಸಿದ.

"ನೀ ಎಳದ ತಂತಿ ಒಂದಿದ್ರ ಸಾಕವ್ವ, ನಾವು ಕಣ್ಣು ಮುಚ್ಚಿ ನಿದ್ದಿ ಮಾಡತೀವಿ," ಅಂದ.

ಯಮನೂರಪ್ಪ ಅಲ್ಲೇ ನಿಂತಿದ್ದ. ಕಂಬಳಿ ನೋಡಿದ. ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

ಅವನು ಆ ಬೇಲಿಯ ಕಂಬಗಳನ್ನೆಲ್ಲ ಸರಿಯಾಗಿಯೇ ನೆಟ್ಟನಂತೆ, ಒಂದು ಮೂಲೆಗಂಬದ ಹೊರತು. ಅದಕ್ಕೆ ಮೊಳಕಾಲ ಮಟ್ಟದ ತಗ್ಗು ತೋಡಿ, ಮೇಲೆ ಮಣ್ಣು ಗುಡ್ಡೆ ಹಾಕಿ ಮೆತ್ತಿದ. ಇವಳು ಎಳೆಯಲಿ, ನಾಲ್ಕು ದಿನಕ್ಕೆ ಕಂಬ ವಾಲಲಿ, ತಂತಿ ಜೋತುಬೀಳಲಿ, ಗಾಳೆವ್ವನ ಕೈಯ ಸತ್ವ ಹೋಯಿತು ಅಂತ ಮಂದಿ ಆಡಿಕೊಳ್ಳಲಿ. ಕಂಬದ ಮೇಲೆ ತಪ್ಪು ಬಂದೀತು ಅನ್ನುವ ಅಂಜಿಕೆ ಅವನಿಗಿರಲಿಲ್ಲ. ಹುಟ್ಟಿದಾಗಿನಿಂದ ಕಂಬ ನೋಡದವರು ಈಗ ನೋಡುತ್ತಾರೆಯೇ?

ಎಳೆಯುವ ದಿನ ಊರೆಲ್ಲ ಸೇರಿತು. ಗಾಳೆವ್ವ ಆ ಮೂಲೆಗೆ ಬಂದು ಹಾರೆ ಸಿಕ್ಕಿಸಿ ಒಮ್ಮೆ ಜಗ್ಗಿದಳು. ಜಗ್ಗಿ ಸುಮ್ಮನೆ ನಿಂತಳು. ಗಂಡನ ಕಡೆಗೆ ಒಂದು ಸಲ ನೋಡಿದಳು. ಆಮೇಲೆ ಎಳೆಯಲೇ ಇಲ್ಲ, ಇದ್ದಷ್ಟಕ್ಕೇ ಕಟ್ಟಿಬಿಟ್ಟಳು. ಟಂಯ್ ಅನ್ನಬೇಕಾದ ತಂತಿ ಒಗೆದು ಹಾಕಿದ ಸೀರೆಯ ಹಾಗೆ ತೂಗಾಡಿತು. ಜನ ಮುಖ ಮುಖ ನೋಡಿಕೊಂಡರು. ಯಮನೂರಪ್ಪನಿಗೆ ಒಳಗೊಳಗೇ ಹಬ್ಬ. ಆದರೂ ಕಂಬ ವಾಲದೆಯೇ ತಂತಿ ಹೇಗೆ ಸಡಿಲಾಯಿತು ಅಂತ ಅವನಿಗೆ ತಿಳಿಯಲಿಲ್ಲ.

ಎಂಟೇ ದಿನ. ಮಟಮಟ ಮಧ್ಯಾಹ್ನ ತೋಳ ಬಂದು ಸಡಿಲು ಜಾಲರಿಯ ಬುಡ ಮೂತಿಯಿಂದ ಎತ್ತಿ ಒಳಗೆ ನುಗ್ಗಿತು. ಮೂರು ಮರಿ ಹೋದವು. ಹನ್ನೆರಡು ಅನ್ನುವವರೂ ಇದ್ದಾರೆ. ಮೂರೇ ಇರಲಿ, ಸಾಯಂಕಾಲ ತಾಯಿಕುರಿಗಳು ಬಂದು ಬೇಲಿಯ ತುಂಬ ಒದರಿದವಂತೆ. ಮಾಳಪ್ಪ ಎಲ್ಲರೆದುರು ಗಾಳೆವ್ವನ ಕೈಯ ಹಾರೆ ಕಸಿದುಕೊಂಡ. ಇನ್ನು ನಮ್ಮೂರ ತಂತಿ ಮುಟ್ಟಬೇಡ, ಬೇರೆ ಊರಿನವರನ್ನು ಕರೆಸುತ್ತೇವೆ ಅಂದ. ಅವಳು ತಲೆ ತಗ್ಗಿಸಿ ಮನೆಗೆ ನಡೆದಳು.

ಯಮನೂರಪ್ಪ ಬೇಡಿದ್ದೆಲ್ಲ ಸಿಕ್ಕಿತ್ತು. ಆದರೂ ಮನೆಗೆ ಬಂದವನಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಯಾಕ ಎಳೀಲಿಲ್ಲ ನೀ?" ಅಂತ ಕೇಳಿದ.

"ಮೊದಲನೇ ಸಲ ಜಗ್ಗಿದಾಗನ ಗೊತ್ತಾತು, ಕಂಬ ಅಲ್ಲಾಡ್ತು. ಇನ್ನೊಂದು ಗೇಣು ಎಳದಿದ್ರ ಮಂದಿ ಮುಂದ ಕಿತ್ತು ಬೀಳತಿತ್ತು. ನಿಮ್ಮ ಕಂಬ ಬಿದ್ದದ್ದು ಈ ಊರಾಗ ಯಾರೂ ಕಂಡಿಲ್ಲ, ನನ್ನ ಕೈಲೆ ಬೀಳಿಸಲೇನು?"

"ಮತ್ತ ನನಗರ ಹೇಳಬೇಕಿತ್ತಿಲ್ಲೋ?"

"ನಡ ಹಿಡದಿರಬೇಕು, ತೋಡಾಕ ಆಗಿಲ್ಲ, ನಾಳೆ ತಾವ ಹೋಗಿ ಸರಿ ಮಾಡತಾರ ಅಂದ್ಕೊಂಡೆ. ದಿನಾ ಕಾದೆ."

ಬೇಕಂತ ಮಾಡಿದ್ದು ಅಂತ ಅವಳಿಗೆ ಹೊಳೆದೇ ಇರಲಿಲ್ಲ ನೋಡಿ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಬೆಳಗಾಗುತ್ತಲೇ ಅವನು ಊರವರನ್ನೆಲ್ಲ ಬೇಲಿಯ ಹತ್ತಿರ ಕರೆದ. ಆ ಮೂಲೆಗಂಬವನ್ನು ಒಂದೇ ಕೈಯಿಂದ ತಳ್ಳಿ ಕೆಡವಿದ. ತಗ್ಗಿನೊಳಗೆ ತಾನೇ ಇಳಿದು ನಿಂತ. ತಗ್ಗಿನ ಅಂಚು ಮೊಳಕಾಲಿಗೂ ಸರಿಯಾಗಿ ಮುಟ್ಟಲಿಲ್ಲ.

"ಇದು ನನ್ನ ಕೆಲಸ. ಅಕಿ ಹೆಸರು ಕೆಡಲಿ ಅಂತ ಬೇಕಂತ ಮಾಡೀನಿ. ಬಗ್ಗಿ ನೋಡ್ರಿ, ಕಂಡ್ರೇನು?" ಅಂತ ಕೇಳಿದ.

ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಕಂಡೆ ಅಂದರು. ಮಾಳಪ್ಪನೂ ನೋಡಿ ಕಂಡೆ ಅಂದ. ಕೊನೆಗೆ ಗಾಳೆವ್ವ ಬಂದಳು. ಅವಳು ತಗ್ಗು ನೋಡಿದಳೋ, ಅವನ ಮುಖ ನೋಡಿದಳೋ, ಬಹಳ ಹೊತ್ತು ನೋಡಿದಳಂತೆ. ಅವಳೂ ಕಂಡೆ ಅಂದಳು.

ಇವನಿಂದ ಇನ್ನು ಕಂಬ ನೆಡಿಸುವುದು ಬೇಡ ಅಂತ ಊರು ಅಂದಿತು. ಇವರು ತೋಡದಿದ್ದರೆ ನಾನೂ ಎಳೆಯುವುದಿಲ್ಲ ಅಂತ ಗಾಳೆವ್ವ ಅಂದಳು. ಮಾಳಪ್ಪ ಕಸಿದುಕೊಂಡಿದ್ದ ಹಾರೆಯನ್ನು ಅವಳ ಕೈಗೆ ವಾಪಸ್ಸು ಕೊಟ್ಟ. ಅವನು ಅಲ್ಲೇ ತೋಡತೊಡಗಿದ. ಸೊಂಟಕ್ಕೆ ಬಂತು, ನಿಲ್ಲಿಸಲಿಲ್ಲ. ಎದೆಗೆ ಬಂತು, ಆಗ ಹತ್ತಿ ಬಂದ. ನೀರು ಬಂತು ಅನ್ನುತ್ತಾರೆ ಕೆಲವರು, ಆ ಗುಡ್ಡದಲ್ಲಿ ನೀರು ಎಲ್ಲಿಂದ ಬರಬೇಕು? ಅವನು ಕಂಬ ನಿಲ್ಲಿಸಿದ, ಅವಳು ಎಳೆದಳು, ಮೂರು ಊರಿಗೆ ಕೇಳಿತು. ತೋಳ ಮತ್ತೆ ಆ ಬೇಲಿ ದಾಟಲಿಲ್ಲ.

ಅವನ ಹೊಟ್ಟೆಕಿಚ್ಚು ಹೋಯಿತೇ ಅಂತ ಕೇಳುತ್ತೀರಿ. ಇಲ್ಲ. ಸಾಯುವತನಕ ಅವಳ ತಂತಿ ಟಂಯ್ ಅಂದಾಗಲೆಲ್ಲ ಅವನಿಗೆ ಹೊಟ್ಟೆ ಚುರ್ ಅನ್ನುತ್ತಿತ್ತಂತೆ. ಆದರೆ ತಗ್ಗು ಮತ್ತೆಂದೂ ಸೊಂಟಕ್ಕಿಂತ ಕಡಿಮೆ ತೋಡಲಿಲ್ಲ.

ಈಗಲೂ ಆ ಸೀಮೆಯಲ್ಲಿ ಬೇಲಿ ಹಾಕುವಾಗ ಮೊದಲ ಹಾರೆ ಹೆಂಗಸೇ ಎಳೆಯಬೇಕು, ಗಾಳೆವ್ವನ ಹೆಸರು ಹೇಳಿ. ಅದಕ್ಕೂ ಮೊದಲು ಮೂಲೆಗಂಬದ ತಗ್ಗು ತೋಡಿದವನು ಅದರೊಳಗೆ ಇಳಿದು ನಿಲ್ಲುತ್ತಾನೆ. ಮನೆಯವರೆಲ್ಲ ಬಂದು ಬಗ್ಗಿ ನೋಡಿ, ಕಂಡೆ ಅನ್ನುವತನಕ ಅವನು ಹತ್ತಿ ಬರುವ ಹಾಗಿಲ್ಲ. ಮಾತು ಬಾರದ ಕೂಸಿದ್ದರೆ ತಾಯಿ ಅದನ್ನೂ ಎತ್ತಿಕೊಂಡು ಬಂದು ತಗ್ಗಿನೊಳಗೆ ನಿಂತವನನ್ನು ತೋರಿಸಿ, ಕೂಸಿನ ಪರವಾಗಿ ತಾನೇ ಕಂಡೆ ಅನ್ನುತ್ತಾಳೆ.