ಒಂಬತ್ತು ಗಿಟಾರುಗಳ ಗುಂಯ್

ಲೋಹಿತನ ಹತ್ತಿರ ಒಂಬತ್ತು ಬಾಸ್ ಗಿಟಾರುಗಳಿದ್ದವು. ಒಂಬತ್ತರ ಹೊಟ್ಟೆಯನ್ನೂ ಅವನು ಬಿಚ್ಚಿದ್ದ. ಹಳೆ ವೈರು ಕಿತ್ತು ತನ್ನದೇ ಸರ್ಕ್ಯೂಟು ಬೆಸೆದಿದ್ದ. ಧ್ವನಿ ತಿದ್ದುವ ಪ್ಲಾಸ್ಟಿಕ್ ನಾಬ್ ತೆಗೆದು ಬೀಟೆ ಮರದ್ದು ಕೂರಿಸಿದ್ದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲೋಹಿತ ಚೆನ್ನಾಗಿಯೇ ಕುಣಿಯುವವನು. ಆದರೂ ದಿನಾ ನೆಲ ಅಗೆಯುತ್ತಿದ್ದ.

ಒಂದು ಬೆಳಿಗ್ಗೆ ಅಷ್ಟನ್ನೂ ವ್ಯಾನಿಗೆ ಹೇರಿಕೊಂಡು ಹೊಳೆಬದಿಯ ಗ್ರೆಗರಿ ಮಾಸ್ಟ್ರ ಮನೆಗೆ ಬಂದ. ಅವನಿಗೆ ಬಾಸ್ ಕಲಿಸಿದವರು ಅವರೇ. ನಲವತ್ತು ವರ್ಷ ಒಂದೇ ಗಿಟಾರು ನುಡಿಸಿದವರು.

"ಎಂತ ಮಾರಾಯ, ಮನೆ ಖಾಲಿ ಮಾಡಿದ್ಯಾ?"

"ಇಲ್ಲ ಮಾಸ್ಟ್ರೇ. ಇವೆಲ್ಲ ಗುಂಯ್ ಅಂತವೆ. ಎಷ್ಟು ರಿಪೇರಿ ಮಾಡಿದ್ರೂ ಹೋಗುದಿಲ್ಲ. ನೀವೇ ಏನಾದ್ರೂ ಮಾಡ್ಬೇಕು."

"ಅಷ್ಟು ಅವಸರ ಎಂತದ್ದು?"

"ಭಾನುವಾರ ಕಾರ್ಯಕ್ರಮ ಉಂಟು. ಅಲ್ಲಿಯೂ ಸರಿ ಆಗದಿದ್ರೆ ನನ್ನನ್ನು ಬ್ಯಾಂಡಿನಿಂದ ತೆಗೀತಾರೆ."

ಹನ್ನೊಂದು ವರ್ಷದ ಬ್ಯಾಂಡು. ಹೇಳುವಾಗ ಅವನಿಗೆ ಅಳು ಬಂತು.

"ಗುಂಯ್ ಅಂದದ್ದಕ್ಕೆ ತೆಗೀತಾರಾ?"

"ಅದಕ್ಕಲ್ಲ. ಡ್ರಮ್ ಬಾರಿಸುವ ರೆನಿಟಾ ಹೇಳ್ತಾಳೆ, ಹಾಡಿನ ಮಧ್ಯೆ ನೀನು ಎದ್ದು ಹೋಗ್ತಿ, ನಾನು ಯಾರನ್ನು ನಂಬಿ ಬಾರಿಸ್ಲಿ ಅಂತ. ನಾನು ಒಂದು ದಿನವೂ ಸ್ಟೇಜು ಬಿಟ್ಟು ಇಳಿದವನಲ್ಲ ಮಾಸ್ಟ್ರೇ."

ಮಾಸ್ಟ್ರು ಕೈಗೆ ಸಿಕ್ಕ ಒಂದು ಗಿಟಾರನ್ನು ಜಗಲಿಯ ಹಳೆ ಆಂಪ್ಲಿಫೈಯರಿಗೆ ಚುಚ್ಚಿದರು. ಗುಂಯ್ ಎಂದಿತು. ತಂತಿಗಳ ಮೇಲೆ ಅಂಗೈ ಇಟ್ಟರು. ಸದ್ದು ನಿಂತಿತು. ಕೈ ತೆಗೆದರು. ಮತ್ತೆ ಗುಂಯ್.

"ಅದು ಗೊತ್ತುಂಟು," ಎಂದ ಲೋಹಿತ. "ಕೈ ತಾಗಿದ್ರೆ ನಿಲ್ತದೆ. ತೆಗೆದ್ರೆ ಬರ್ತದೆ. ಅದೇ ದೋಷ."

ಆಚೆ ದಡದಲ್ಲಿ ದೋಣಿಗೆ ಜನ ಹತ್ತುತ್ತಿದ್ದರು.

"ಆ ದೋಣಿ ಈಚೆ ಬರುವವರೆಗೆ ನುಡಿಸು," ಎಂದರು ಮಾಸ್ಟ್ರು.

ಲೋಹಿತ ನುಡಿಸಿದ. ಚೆನ್ನಾಗಿಯೇ ನುಡಿಸಿದ. ದೋಣಿ ದಡ ಬಿಟ್ಟಿತು.

ಗುಂಯ್.

"ಎಂತಾಯ್ತು?"

"ಧ್ವನಿ ಸ್ವಲ್ಪ ಕೀರಲಾಯ್ತು ಮಾಸ್ಟ್ರೇ. ಸರಿ ಮಾಡ್ತಾ ಇದ್ದೆ."

ಅವನ ಎರಡೂ ಕೈ ತಂತಿ ಬಿಟ್ಟು ಬೀಟೆ ನಾಬ್‌ಗಳ ಮೇಲಿದ್ದವು.

"ಎರಡು ಕೈ ಬೇಕಾ ಅದಕ್ಕೆ?"

"ನಾನೇ ಮಾಡಿದ ಸರ್ಕ್ಯೂಟು. ಎರಡನ್ನೂ ಒಟ್ಟಿಗೆ ತಿರುಗಿಸ್ಬೇಕು."

"ನುಡಿಸು."

ದೋಣಿ ನಡುಹೊಳೆಗೆ ಬರುವಷ್ಟರಲ್ಲಿ ಮತ್ತೆರಡು ಸಲ ಗುಂಯ್ ಎಂದಿತು. ಮಾಸ್ಟ್ರು ಎಂತಾಯ್ತು ಎಂದು ಕೇಳುವುದನ್ನು ಬಿಟ್ಟು ಹೊಳೆ ನೋಡುತ್ತಾ ಕೂತರು.

ದೋಣಿ ಈಚೆ ದಡ ಮುಟ್ಟಿತು. ಒಟ್ಟು ಏಳು ಸಲ ಆಗಿತ್ತು. ಎಣಿಸಿದವನು ಲೋಹಿತನೇ.

ಅವನು ಕೈಯನ್ನು ತಂತಿಗಳ ಮೇಲೆ ಇಟ್ಟು ತಲೆ ತಗ್ಗಿಸಿದ. ಬಹಳ ನಾಚಿಕೆಯಾಗಿತ್ತು. ಆದರೆ ಭಾನುವಾರದ ಹೆದರಿಕೆ ಅದಕ್ಕಿಂತ ದೊಡ್ಡದು.

"ಈ ಸದ್ದೊಂದು ತೆಗೆದುಕೊಡಿ ಮಾಸ್ಟ್ರೇ. ಉಳಿದದ್ದು ನಾನು ನೋಡಿಕೊಳ್ತೇನೆ."

"ತೆಗೀಬಹುದು," ಎಂದರು ಮಾಸ್ಟ್ರು. "ಆಮೇಲೆ, ನೀನು ಎದ್ದು ಹೋದದ್ದನ್ನು ನಿನಗೆ ಹೇಳುವವರು ಯಾರು?"