ಒತ್ತು ಮತ್ತು ಶ್ರುತಿಪೆಟ್ಟಿಗೆ

ವಾಲಗದ ಮೇಳದಲ್ಲಿ ಒಂದೇ ಸ್ವರ ಹಿಡಿದು ನಾಗಸ್ವರಕ್ಕೆ ಶ್ರುತಿ ಕೊಡುತ್ತಿದ್ದ ಮುದಿ ಕೊಳವೆಗೆ ಒತ್ತು ಎಂದು ಹೆಸರು. ಆವತ್ತಿನ ಮದುವೆಯಲ್ಲಿ ಅದನ್ನು ಯಾರೂ ಚೀಲದಿಂದ ತೆಗೆಯಲೇ ಇಲ್ಲ. ಅದರ ಜಾಗದಲ್ಲಿ ಕರೆಂಟಿನ ಶ್ರುತಿಪೆಟ್ಟಿಗೆ ಕೂತಿತ್ತು.

"ಬೇಜಾರು ಮಾಡ್ಕೋಬೇಡಿ ಅಜ್ಜಾ," ಎಂದಿತು ಪೆಟ್ಟಿಗೆ. "ನನಗೆ ಉಸಿರು ಬೇಡ. ಹಚ್ಚಿದ ಮೇಲೆ ಕೂದಲೆಳೆಯಷ್ಟೂ ಕದಲುವವನಲ್ಲ."

"ಒಳ್ಳೇದಪ್ಪಾ," ಎಂದ ಒತ್ತು, ತನಗಿನ್ನು ಅಟ್ಟವೇ ಗತಿ ಎಂದುಕೊಂಡಿತು.

ಊದುತ್ತ ಊದುತ್ತ ನಾಗಸ್ವರದ ಮೈ ಬಿಸಿಯೇರಿತು, ಅದರೊಂದಿಗೆ ಸ್ವರವೂ ತುಸು ಮೇಲೇರಿತು. ಪೆಟ್ಟಿಗೆ ಇದ್ದಲ್ಲೇ ಇತ್ತು. ಅದರ ಗುಂಡಿ ತಿರುಗಿಸಲು ಯಾರಿಗೂ ಕೈ ಬಿಡುವಿರಲಿಲ್ಲ. ಎರಡೂ ಸ್ವರ ಕಚ್ಚಾಡುವುದನ್ನು ಕೇಳಿ ಮದುಮಗಳೂ ತಲೆಯೆತ್ತಿದಳು.

"ತಪ್ಪು ನಿಮ್ಮದು," ಎಂದಿತು ಪೆಟ್ಟಿಗೆ ನಾಗಸ್ವರಕ್ಕೆ.

"ಇರಬಹುದು ತಮ್ಮಾ. ಆದರೆ ನನಗೆ ಜೊತೆಗೆ ಬಿಸಿಯಾಗುವವರು ಬೇಕು," ಎಂದ ನಾಗಸ್ವರ ಚೀಲದತ್ತ ತಿರುಗಿತು. "ಅಜ್ಜಾ, ಬರ್ತೀರಾ?"

"ನಾನೂ ತಣ್ಣಗೇ ಇದ್ದೀನಲ್ಲೋ."

"ಬನ್ನಿ, ಅಷ್ಟು ಹೊತ್ತು ಕಾಯ್ತೀನಿ."

ಮೇಳದವರೊಬ್ಬರು ಕೈಯಲ್ಲಿದ್ದ ತಾಳ ಕೆಳಗಿಟ್ಟು, ಪೆಟ್ಟಿಗೆಯನ್ನು ನಿಲ್ಲಿಸಿ ಒತ್ತನ್ನು ತುಟಿಗಿಟ್ಟರು. ಅದರ ಸ್ವರ ಮೊದಲು ಕೆಳಗೇ ಇತ್ತು. ಉಸಿರು ತುಂಬಿದಂತೆ ಬಿಸಿಯಾಗುತ್ತ ಮೇಲೇರಿ, ತಾಳಿ ಕಟ್ಟುವ ಹೊತ್ತಿಗೆ ನಾಗಸ್ವರದ ಮಗ್ಗುಲಿಗೇ ಬಂದು ನಿಂತಿತು. ಯಾವ ದನಿ ಯಾರದೆಂದು ಪೆಟ್ಟಿಗೆಗೂ ಬಿಡಿಸಿ ಹೇಳಲಾಗಲಿಲ್ಲ.