ಎತ್ತದ ಹೊಸ್ತಿಲು

ಈ ಕತೆಯನ್ನು ನನಗೆ ಮೊದಲು ಹೇಳಿದವರು ಬಾಗಿಲು ಕೆತ್ತುತ್ತಿದ್ದ ಮೌನೇಶಾಚಾರ್ರು. ಅವರು ಕೇಳಿದ್ದು ತಮ್ಮ ಗುರುಗಳ ಬಾಯಿಂದ. ಒಂದು ಮನೆಗೆ ಮೌನೇಶಾಚಾರ್ರು ನಿಲ್ಲಿಸಿದ ಬಾಗಿಲ ಚೌಕಟ್ಟು, ಪೂಜೆಯೆಲ್ಲ ಮುಗಿದ ಮೇಲೆ, ಅರ್ಧ ಬೆರಳು ವಾಲಿರುವುದು ಕಂಡಿತಂತೆ. ಮನೆಯವರಿಗೆ ಹೇಳಲು ಬಾಯಿ ಬರಲಿಲ್ಲ. ನೇರವಾಗಿ ಗುರುಗಳ ಹತ್ತಿರ ಹೋಗಿ ಕೇಳಿದರು:

"ಗುರುಗಳೇ, ಪೂಜೆಯಾದ ಮೇಲೆ ತಪ್ಪು ಕಂಡರೆ ಕೀಳುವುದು ಪಾಪವೋ, ಬಿಡುವುದು ಪಾಪವೋ?"

ಗುರುಗಳು ಅವರನ್ನು ಕೂರಿಸಿಕೊಂಡು ಹೇಳಿದ್ದು ಇದು.

ಒಬ್ಬ ವ್ಯಾಪಾರಿ ಮನೆ ಕಟ್ಟಿಸುತ್ತಿದ್ದ. ಹೆಂಡತಿ, ಒಬ್ಬನೇ ಮಗ, ಮೂರು ತಿಂಗಳ ಗರ್ಭಿಣಿ ಸೊಸೆ, ಇಷ್ಟೇ ಜನ. ಮೊಮ್ಮಗುವಿನ ತೊಟ್ಟಿಲನ್ನು ಸ್ವಂತ ಸೂರಿನಡಿ ಕಟ್ಟಬೇಕು ಎಂಬುದೊಂದೇ ಅವನ ಆಸೆ.

ನಿವೇಶನ ಇಕ್ಕಟ್ಟು. ಕಕ್ಕಸಿನ ನೀರು ಬೀದಿಯ ಚರಂಡಿ ಸೇರಲು ತಲೆಬಾಗಿಲ ಕೆಳಗಲ್ಲದೆ ಬೇರೆ ದಾರಿ ಇರಲಿಲ್ಲ. ಬಾಗಿಲ ಪಕ್ಕದಲ್ಲೇ, ನೆಲದೊಳಗೆ, ಕುಡಿಯುವ ನೀರಿನ ತೊಟ್ಟಿ. ಕಕ್ಕಸಿನ ಪೈಪಿನ ಎರಡು ತುಂಡು ಕೂಡುವ ಸಂದು ಸರಿಯಾಗಿ ಹೊಸ್ತಿಲಿನ ಜಾಗದಲ್ಲೇ ಬಿತ್ತು.

ಹೊಸ್ತಿಲು ಕೂರಿಸುವ ಬೆಳಿಗ್ಗೆ ಪೈಪಿನ ಕೆಲಸದವನು ಗುಂಡಿ ಬಿಟ್ಟು ಮೇಲೆ ಬರಲಿಲ್ಲ.

"ಯಜಮಾನರೇ, ಪೈಪಿನ ಬಾಯಿ ಕಟ್ಟಿ, ನೀರು ತುಂಬಿಸಿ, ಒಂದು ಹಗಲು ಬಿಡಬೇಕು. ನೀರು ಇಳಿಯದಿದ್ದರೆ ಆಮೇಲೆ ಮುಚ್ಚಬಹುದು."

"ಗಳಿಗೆ ಇರುವುದು ಒಂಬತ್ತಕ್ಕೆ. ನಿನ್ನ ಪೈಪಿಗೂ ಒಂದು ಜಾತಕ ಬರೆಸೋಣ ಬಿಡಪ್ಪಾ, ಮೊದಲು ಮೇಲೆ ಬಾ," ಎಂದ ವ್ಯಾಪಾರಿ.

ನೆರೆದವರು ನಕ್ಕರು. ಪೈಪಿನವನೂ ನಗಬೇಕಾಯಿತು. ತನ್ನ ಕೈಯಿಂದಲೇ ಗುಂಡಿಗೆ ಮಣ್ಣೆಳೆದ. ನವಧಾನ್ಯದ ಗಂಟು ಇಟ್ಟು, ಹಾಲೆರೆದು, ಹೊಸ್ತಿಲು ಕೂರಿಸಿ, ಚೌಕಟ್ಟು ನಿಲ್ಲಿಸಿದರು.

ಆದರೆ ಪೈಪಿನವನಿಗೆ ಮನಸ್ಸು ತಡೆಯಲಿಲ್ಲ. ಎಲ್ಲರೂ ಊಟಕ್ಕೆ ಕೂತಾಗ ಪೈಪಿನ ಬೀದಿಯ ತುದಿಗೆ ಬಟ್ಟೆ ತುರುಕಿ, ಒಳಗಿನಿಂದ ನೀರು ತುಂಬಿಸಿಟ್ಟ. ಸಂಜೆಗೆ ನಾಲ್ಕು ಬೆರಳು ಇಳಿದಿತ್ತು. ವ್ಯಾಪಾರಿಯನ್ನು ಮರೆಗೆ ಕರೆದು ಹೇಳಿದ: "ಹೊಸ್ತಿಲ ಕೆಳಗೆ ಸೋರುತ್ತಿದೆ. ಪಕ್ಕದಲ್ಲೇ ಕುಡಿಯುವ ನೀರು. ಗಾರೆ ಇನ್ನೂ ಹಸಿ ಇದೆ, ಈಗಲೇ ಎತ್ತಿದರೆ ಅರ್ಧ ದಿನದ ಕೆಲಸ."

ವ್ಯಾಪಾರಿ ಹೊಸ್ತಿಲ ಕಡೆ ನೋಡಿದ. ಬಳಿದ ಅರಿಶಿನ ಆರಿರಲಿಲ್ಲ. ಪೂಜೆಯಾದ ಹೊಸ್ತಿಲು ಎತ್ತಿದರೆ ಮನೆಯ ಕುಡಿಗೆ ಕೇಡು ಎಂದು ಅವನ ಅಜ್ಜಿ ಹೇಳುತ್ತಿದ್ದಳು. ಸೊಸೆಯ ಬಸಿರು ನೆನಪಾಯಿತು. ಸೋರಿದ್ದನ್ನು ಮಣ್ಣು ಕುಡಿಯುತ್ತದೆ, ಸಂದು ತಾನಾಗಿ ಕಟ್ಟಿಕೊಳ್ಳುತ್ತದೆ ಎಂದುಕೊಂಡ.

"ಯಾರ ಹತ್ತಿರವೂ ಆಡಬೇಡ," ಎಂದ.

ಮನೆ ಮುಗಿಯಿತು. ಬಾಣಂತನ ಮುಗಿಸಿ ಸೊಸೆ ಮಗುವಿನೊಡನೆ ಬಂದಳು. ತೊಟ್ಟಿಲು ಕಟ್ಟಿದರು. ಆದರೆ ಹೊಸ್ತಿಲು ಬಿರುಬೇಸಿಗೆಯಲ್ಲೂ ತೇವವಾಗಿರುತ್ತಿತ್ತು. ಹೆಂಡತಿ ಇಟ್ಟ ರಂಗೋಲಿ ಮಧ್ಯಾಹ್ನದೊಳಗೆ ಕಲಸಿಹೋಗುತ್ತಿತ್ತು.

"ಹೊಸ್ತಿಲು ತಣ್ಣಗಿದ್ದರೆ ಮನೆ ತಣ್ಣಗಿರುತ್ತೆ ಕಣೇ," ಎನ್ನುತ್ತಿದ್ದ ವ್ಯಾಪಾರಿ. ಹಾಗೆನ್ನುವಾಗ ಅವಳ ಮುಖ ನೋಡುತ್ತಿರಲಿಲ್ಲ.

ಮಳೆ ಹಿಡಿದ ಮೊದಲ ವಾರ ಮಗುವಿಗೆ ವಾಂತಿಭೇದಿ ಹತ್ತಿತು. ಮೂರನೆಯ ದಿನ ಮಗು ಹೋಯಿತು. ಅದರ ಹಿಂದೆಯೇ ವ್ಯಾಪಾರಿಯ ಹೆಂಡತಿ.

ಸೂತಕದ ಮನೆಗೆ ಪೈಪಿನವನು ಬಂದ. ಯಾರೂ ಕರೆದಿರಲಿಲ್ಲ. ಕೈಯಲ್ಲಿ ಹಾರೆ ಇತ್ತು.

"ಯಜಮಾನರೇ, ಈಗಲಾದರೂ ಎತ್ತುತ್ತೇನೆ. ಮಗ, ಸೊಸೆ ಇನ್ನೂ ಅದೇ ನೀರು ಕುಡಿಯುತ್ತಿದ್ದಾರೆ."

ಹುಟ್ಟಿದಾಗಿನಿಂದ ಹೊಸ್ತಿಲ ಮೇಲೆ ಕೂತವನಲ್ಲ ವ್ಯಾಪಾರಿ. ಅಂದು ಅದರ ಮೇಲೆಯೇ ಕೂತುಬಿಟ್ಟ.

"ಎತ್ತಬೇಡ. ಎತ್ತಿದರೆ ಹೋದವರಿಬ್ಬರನ್ನೂ ಕೊಂದವನು ನಾನು ಅಂತಾಗುತ್ತೆ. ಹೀಗೇ ಇದ್ದರೆ ದೇವರು ಕರೆದುಕೊಂಡ ಅಂತಲಾದರೂ ಇರುತ್ತೆ."

ಪೈಪಿನವನು ಒಳಗೆ ಕಣ್ಣು ಹಾಯಿಸಿದ. ಮಗ ಒಳಗೇ ಇದ್ದ, ಕೂಗಿದರೆ ಕೇಳುವಷ್ಟು ಹತ್ತಿರ. ಕೂಗಲು ಬಾಯಿ ಬರಲಿಲ್ಲ. ಅಂದು ಗುಂಡಿಗೆ ಮಣ್ಣೆಳೆದದ್ದು ಅವನದೇ ಕೈ. ಹಾರೆ ಹೆಗಲಿಗೇರಿಸಿಕೊಂಡು ಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆ ಹೊಸ್ತಿಲು ಏನಾಯಿತು, ಗುರುಗಳೇ?"

"ಹಾಗೇ ಇದೆ, ದಾಟುವವರು ಉಳಿದಿಲ್ಲ."

ಮೌನೇಶಾಚಾರ್ರು ಎದ್ದು, ಚೌಕಟ್ಟು ವಾಲಿದ್ದ ಮನೆಯ ಕಡೆ ನಡೆದರು.

ಮನೆ ಕಟ್ಟಿಸುವವರು ಯಾರಾದರೂ ನಿಮಗೆ ಸಿಕ್ಕರೆ ಈ ಕತೆಯನ್ನು ಅವರಿಗೆ ಹೇಳಿ. ಗುಂಡಿ ಮುಚ್ಚುವ ಮುಂಚೆ ಹೇಳಿ.